ಚಲಚ್ಚಿತ್ರದ ನಾಂದಿ ಮತ್ತು ಪಾತ್ರಪ್ರವೇಶ

ವಿಜಯವಾಡದ ಪೂರ್ವಭಾಗದ ಪಟಮಟವನ್ನು ಹಾದು ಮಚಲೀಪಟ್ಟಣಕ್ಕೆ ಸಾಗುವ ಬಂದರು ರಸ್ತೆಯಲ್ಲಿ ಪಾಮರ್ರುವಿನವರೆಗೆ ಹೋಗಿ, ಅಲ್ಲಿಂದ ಕವಲುದಾರಿ ಹಿಡಿದರೆ ಕೂಚಿಪೂಡಿ ಗ್ರಾಮ ದೊರೆಯುತ್ತದೆ. ಈ ಊರಿಗೂ ಕನ್ನಡ ಚಲಚ್ಚಿತ್ರಗಳ ಆರಂಭದ ದೃಶ್ಯಗಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಕನ್ನಡ ಚಿತ್ರಗಳು ತಮ್ಮ ಪೌರಾಣಿಕ ಮಾದರಿಯನ್ನು ತೆಲುಗಿನಿಂದ ಎರವಲು ತಂದವೆಂಬ ಮಾತು ಆಗಾಗ ಕೇಳಿಬರುವುದುಂಟು. ಆಂಧ್ರದಲ್ಲಿ ನೆಲೆಸಿದ ಕನ್ನಡಿಗನಿಗೆ ಅದು ಸ್ವಲ್ಪ ಚುಚ್ಚುವ ಮಾತೇ ಸರಿ. ಚಿತ್ರಗಳ ಮೊದಲ ಕೆಲವು ದೃಶ್ಯಗಳನ್ನು ಪರೀಕ್ಷಿಸಿದರೆ ಮಾತ್ರ, ಸಾಲ ಕೊಟ್ಟವರು ಯಾರು, ಪಡೆದವರು ಯಾರು ಎಂಬುದನ್ನು ನಿರ್ಣಯಿಸುವುದೇ ಕಷ್ಟವಾಗುತ್ತದೆ.

ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರ್ವರಂಗಕ್ಕೆ ಮೀಸಲಾಗಿದೆ. ದೇವತಾಸ್ತುತಿಯಾದ ನಾಂದಿ ಅದರ ಒಂದು ಅಂಗ. ಮುಂದೆ ಬರಲಿರುವ ಕಥಾವಸ್ತುವನ್ನು ಸೂಚಿಸಿ ಸಭೆಯ ಆಸಕ್ತಿಯನ್ನು ಕೆರಳಿಸುವ ಪ್ರರೋಚನೆ ಮತ್ತೊಂದು. ಏನನ್ನು ನೋಡಲಿದ್ದೇವೆಂದು ಪ್ರೇಕ್ಷಕನಿಗೆ ಮೊದಲೇ ತಿಳಿಸಬೇಕೆಂಬ ನಿಯಮ ಇಲ್ಲಿಯೇ ನೆಲೆಗೊಂಡಿದೆ. ಕೂಚಿಪೂಡಿಯ ಭಾಮಾಕಲಾಪದಲ್ಲಿ ಸತ್ಯಭಾಮೆ ತೆರೆಯ ಹಿಂದೆ ನಿಂತು ತನ್ನ ಜಡೆಯನ್ನು ತೆರೆಯ ಮೇಲಿನಿಂದ ಇಳಿಬಿಡುತ್ತಾಳೆ. ಮುಖ ಕಾಣುವ ಮೊದಲೇ ಆಕೆಯ ಗರ್ವ ಸಭೆಗೆ ತಿಳಿದುಹೋಗುತ್ತದೆ. ಅನಂತರ ಪ್ರವೇಶದರುವಿನಲ್ಲಿ ತಾನು ಯಾರೆಂದು ಆಕೆಯೇ ಹೇಳಿಕೊಳ್ಳುತ್ತಾಳೆ. ನಮ್ಮ ಯಕ್ಷಗಾನದಲ್ಲಿಯೂ ಕೋಡಂಗಿ, ಬಾಲಗೋಪಾಲರ ಪೂರ್ವರಂಗ ಮುಗಿದ ಮೇಲೆ ತೆರೆ ಹಿಡಿದು ಒಡ್ಡೋಲಗ ನಡೆಯುತ್ತದೆ. ತೆರೆಯ ಆಚೆ ಕುಣಿಯುತ್ತಿರುವ ವೇಷದ ಕಿರೀಟವನ್ನು ಮಾತ್ರ ಕಂಡು, ಬಂದವನು ರಾಜನೋ ರಾಕ್ಷಸನೋ ಎಂಬುದನ್ನು ಕರಾವಳಿಯ ಪ್ರೇಕ್ಷಕ ಗುರುತಿಸಬಲ್ಲ.

ವಾಕ್ಚಿತ್ರವು ಬಂದಾಗ ಈ ಪದ್ಧತಿ ವೃತ್ತಿನಾಟಕ ಕಂಪನಿಗಳ ಮೂಲಕ ಅದರೊಳಗೆ ಸೇರಿತು. ಅದನ್ನು ತಂದವರನ್ನು ಗಮನಿಸಬೇಕು. ಮೊದಲ ತೆಲುಗು ವಾಕ್ಚಿತ್ರ ‘ಭಕ್ತ ಪ್ರಹ್ಲಾದ’ವನ್ನು 1932ರಲ್ಲಿ ನಿರ್ದೇಶಿಸಿದ ಎಚ್. ಎಂ. ರೆಡ್ಡಿ ಬೆಂಗಳೂರಿನವರು, 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ನಿರ್ದೇಶಕ ವೈ. ವಿ. ರಾವ್ ನೆಲ್ಲೂರಿನವರು. ಆ ಚಿತ್ರ ತಯಾರಾದುದು ಮರಾಠಿ ಸೀಮೆಯ ಕೊಲ್ಲಾಪುರದಲ್ಲಿ. ಅದರ ರಾವಣ ಆರ್. ನಾಗೇಂದ್ರರಾಯರು, ಇಂದ್ರಜಿತು ಸುಬ್ಬಯ್ಯನಾಯ್ಡು, ಇಬ್ಬರೂ ರಂಗಭೂಮಿಯವರು.

‘ಬೇಡರ ಕಣ್ಣಪ್ಪ’ನ ಉದಾಹರಣೆ ಇನ್ನೂ ಸ್ಪಷ್ಟ. ಗುಬ್ಬಿ ಕಂಪನಿಯ ಹಿನ್ನೆಲೆಯಿಂದ ಹೊರಟು, ಎಚ್. ಎಲ್. ಎನ್. ಸಿಂಹರ ನಿರ್ದೇಶನದಲ್ಲಿ 1954ರಲ್ಲಿ ಬಂದ ಈ ಚಿತ್ರ, ಅದೇ ವರ್ಷ ‘ಕಾಳಹಸ್ತಿ ಮಾಹಾತ್ಮ್ಯಂ’ ಎಂಬ ಹೆಸರಿನಿಂದ ತೆಲುಗಿನಲ್ಲಿಯೂ ತಯಾರಾಯಿತು. ಎರಡರಲ್ಲಿಯೂ ರಾಜಕುಮಾರರೇ ನಾಯಕರು. ಅವರು ನಾಯಕರಾಗಿ ನಟಿಸಿದ ತೆಲುಗು ಚಿತ್ರ ಇದೊಂದೇ. ಕಥೆಯಾದರೋ ಯಾರ ಸೊತ್ತು? ಪೆರಿಯಪುರಾಣದಲ್ಲಿ ಅದು ತಮಿಳು, ಹರಿಹರನ ರಗಳೆಯಲ್ಲಿ ಕನ್ನಡ, ಧೂರ್ಜಟಿಯ ಕಾವ್ಯದಲ್ಲಿ ತೆಲುಗು. ದೇವಲೋಕದಿಂದ ಇಳಿದ ದಂಪತಿಗಳು ಬೇಡರ ಕುಲದಲ್ಲಿ ಜನಿಸಿದರೆಂದು ಮೊದಲೇ ತಿಳಿದ ಪ್ರೇಕ್ಷಕನಿಗೆ, ಶಿವನು ಬೇಡನ ಮಾಂಸನೈವೇದ್ಯವನ್ನು ಒಪ್ಪುವನೋ ಇಲ್ಲವೋ ಎಂಬ ಸಂದೇಹ ಉಳಿಯುವುದಿಲ್ಲ. ಹೇಗೆ ಒಪ್ಪುವನೆಂಬ ಕುತೂಹಲ ಮಾತ್ರ ಉಳಿಯುತ್ತದೆ. ಭಕ್ತಿಚಿತ್ರದ ರಸಾನುಭವಕ್ಕೆ ಬೇಕಾದ ಮನಃಸ್ಥಿತಿ ಇದೇ.

ಇದನ್ನು ಅತ್ಯಂತ ಚಮತ್ಕಾರದಿಂದ ಸಾಧಿಸಿದ ಚಿತ್ರ ವಿಜಯಾ ಸಂಸ್ಥೆಯ ‘ಮಾಯಾಬಜಾರ್’ (1957). ಪಾಂಡವರೇ ಕಾಣಿಸಿಕೊಳ್ಳದ ಈ ಮಹಾಭಾರತ ಕಥೆಯ ಆರಂಭಭಾಗದಲ್ಲಿ ‘ಪ್ರಿಯದರ್ಶಿನಿ’ ಎಂಬ ಪೆಟ್ಟಿಗೆ ಬರುತ್ತದೆ. ತೆರೆದವರಿಗೆ ತಮ್ಮ ಅತ್ಯಂತ ಪ್ರಿಯವಾದುದನ್ನು ಅದು ತೋರಿಸುತ್ತದೆ: ಶಶಿರೇಖೆಗೆ ಅಭಿಮನ್ಯು, ರೇವತಿಗೆ ರತ್ನಾಭರಣ. ಮುಂದಿನ ಇಡೀ ಕಲಹದ ಬೀಜ ಇಲ್ಲಿಯೇ ಇದೆ. ಒಂದೊಂದು ಪಾತ್ರವೂ ಬಂದು ತನ್ನ ಸ್ವಭಾವವನ್ನು ತಾನೇ ಸಾರಿಕೊಳ್ಳುವ ಪ್ರವೇಶದರುವಲ್ಲದೆ ಇದು ಬೇರೇನೂ ಅಲ್ಲ.

ಸಾಮಾಜಿಕ ಚಿತ್ರಕ್ಕೆ ಶಾಪವೂ ಇಲ್ಲ, ಇಂದ್ರನ ಓಲಗವೂ ಇಲ್ಲ. ಅದು ತನ್ನ ಪ್ರರೋಚನೆಯನ್ನು ಬೇರೆ ಕಡೆ ಹುಡುಕಬೇಕಾಯಿತು. 1953ರ ‘ದೇವದಾಸು’ ನಾಯಕ ನಾಯಿಕೆಯರ ಬಾಲ್ಯದಿಂದ ತೊಡಗುತ್ತದೆ. ಅವರ ಆಟ, ಜಗಳ, ಅಗಲಿಕೆಗಳಲ್ಲಿಯೇ ದುರಂತದ ಸೂಚನೆ ಇದೆ. ಪುರಾಣದಲ್ಲಿ ಶಾಪವಿದ್ದ ಸ್ಥಾನವನ್ನು ಇಲ್ಲಿ ಬಾಲ್ಯ ಆಕ್ರಮಿಸಿತು. ಇದರ ನಿರ್ದೇಶಕ ವೇದಾಂತಂ ರಾಘವಯ್ಯ ಕೂಚಿಪೂಡಿಯವರೇ, ಆ ನಾಟ್ಯವನ್ನು ಕಲಿತು ಆಡಿದವರು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬೀಳುವ ರಾಮಾಚಾರಿ, ಅವಮಾನಗೊಂಡು ಪ್ರಿನ್ಸಿಪಾಲರ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಒಡ್ಡೋಲಗದ ಬಣ್ಣದ ವೇಷದಂತೆ ಅವನ ರೋಷವೇ ಮೊದಲು ರಂಗಕ್ಕೆ ಬರುತ್ತದೆ. ಈ ಕಥೆ 1974ರಲ್ಲಿ ‘ಕೋಡೆನಾಗು’ ಆಗಿ ತೆಲುಗಿಗೆ ಹೋಯಿತು.

ಪಾಶ್ಚಾತ್ಯರಲ್ಲಿಯೂ ಇಂಥ ಸೂಚನೆಗಳು ಇಲ್ಲದಿಲ್ಲ. 1903ರ ‘ದಿ ಗ್ರೇಟ್ ಟ್ರೇನ್ ರಾಬರಿ’ಯಲ್ಲಿ ದರೋಡೆಗಾರನೊಬ್ಬ ಪ್ರೇಕ್ಷಕರತ್ತ ನೇರವಾಗಿ ಪಿಸ್ತೂಲು ಹಾರಿಸುವ ತುಣುಕನ್ನು ಚಿತ್ರದ ಮೊದಲಿಗೋ ಕೊನೆಗೋ ಜೋಡಿಸುವ ಸ್ವಾತಂತ್ರ್ಯ ಪ್ರದರ್ಶಕರಿಗಿತ್ತು. ನಾಂದಿಯನ್ನು ಮಂಗಳದ ಸ್ಥಾನದಲ್ಲಿ ಹಾಡುವ ಸ್ವಾತಂತ್ರ್ಯ ನಮ್ಮ ಭಾಗವತನಿಗಿಲ್ಲ!

ವಿಜಯವಾಡದಲ್ಲಿ ಚಿತ್ರ ವಿತರಕರ ಕಚೇರಿಗಳು ನೆರೆದ ಬಡಾವಣೆಯ ಹೆಸರು ಗಾಂಧಿನಗರ. ಬೆಂಗಳೂರಿನಲ್ಲಿಯೂ ಅದೇ ಹೆಸರು. ಇದು ಆಕಸ್ಮಿಕವಿರಬಹುದು. ಚಿತ್ರಗಳ ಹೋಗುಬರುವಿಕೆ ಆಕಸ್ಮಿಕವಲ್ಲ. 2022ರ ‘ಕಾಂತಾರ’ದ ಆರಂಭದಲ್ಲಿ 1847ರ ಕಾಲದ ಅರಸನೊಬ್ಬ ನೆಮ್ಮದಿಯನ್ನು ಅರಸಿ ಹೊರಟು, ದೈವದ ಕಲ್ಲಿಗೆ ಪ್ರತಿಯಾಗಿ ಕಾಡಿನ ಭೂಮಿಯನ್ನು ಊರವರಿಗೆ ಬಿಟ್ಟುಕೊಡುತ್ತಾನೆ. ತೆಲುಗಿನ ಮಾತು ಜೋಡಿಸಿ ಬಂದಾಗ, ಭೂತಕೋಲವನ್ನು ಎಂದೂ ಕಾಣದ ಆಂಧ್ರದ ಪ್ರೇಕ್ಷಕರೂ ಅದನ್ನು ಆದರದಿಂದ ನೋಡಿದರು. ಕೊಟ್ಟ ಮಾತು, ಅದನ್ನು ಮುರಿದರೆ ಒದಗುವ ಫಲ, ಇವೆರಡೂ ಮೊದಲೇ ತಿಳಿದಿದ್ದವು. ಮುಂದಿನದಕ್ಕೆ ವ್ಯಾಖ್ಯಾನ ಬೇಕಾಗಲಿಲ್ಲ.