ಹಬ್ಬದ ಸಿಹಿಗೂ ವಯಸ್ಸಿನ ಕಟ್ಟಳೆ

ಅಮೆರಿಕದಲ್ಲಿ ಅಕ್ಟೋಬರ್ 31ರಂದು ಹ್ಯಾಲೋವೀನ್ ಹಬ್ಬ. ಅಂದು ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ‘ಟ್ರಿಕ್ ಆರ್ ಟ್ರೀಟ್’ ಎನ್ನುತ್ತಾರೆ. ಸಿಹಿ ಕೊಡಿ, ಇಲ್ಲವಾದರೆ ಕೀಟಲೆ ಮಾಡುತ್ತೇವೆ ಎಂದರ್ಥ. ಆದರೆ ಎಷ್ಟು ವಯಸ್ಸಿನವರೆಗೆ ಹೋಗಬಹುದು?

ಮೊದಲು ಈ ಪ್ರಶ್ನೆಯೇ ಇರಲಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಬಡವರು, ದೊಡ್ಡವರೂ ಚಿಕ್ಕವರೂ, ತೀರಿಕೊಂಡವರಿಗಾಗಿ ಪ್ರಾರ್ಥಿಸಿ ಮನೆಮನೆಯಲ್ಲಿ ‘ಸೋಲ್ ಕೇಕ್’ ಪಡೆಯುತ್ತಿದ್ದರು. ಸ್ಕಾಟ್ಲೆಂಡ್, ಐರ್ಲೆಂಡಿನ ವಲಸಿಗರು ಹಬ್ಬವನ್ನು ಅಮೆರಿಕಕ್ಕೆ ಒಯ್ದರು. ಅಲ್ಲಿ ಹದಿಹರೆಯದ ಹುಡುಗರ ಕೀಟಲೆ ಮಿತಿಮೀರಿತು. ಅವರನ್ನು ಸಮಾಧಾನಪಡಿಸಲೆಂದೇ 1930ರ ದಶಕದಲ್ಲಿ ಸಿಹಿ ಹಂಚುವ ರೂಢಿ ಬೆಳೆಯಿತು. ಎರಡನೇ ಮಹಾಯುದ್ಧದ ಸಕ್ಕರೆ ಪಡಿತರ 1947ರಲ್ಲಿ ಮುಗಿದ ಮೇಲೆ ಅದು ಪುಟ್ಟ ಮಕ್ಕಳ ಹಬ್ಬವೆನಿಸಿತು.

ಆಮೇಲೆ ಕೆಲವು ಊರುಗಳಲ್ಲಿ ಕಾನೂನು ಬಂತು. ವರ್ಜೀನಿಯಾದ ಚೆಸಪೀಕ್ ನಗರ 1970ರಲ್ಲಿ 12 ವರ್ಷ ಮೀರಿದವರು ಸಿಹಿ ಕೇಳಲು ಹೋಗಬಾರದೆಂದಿತು. ತಪ್ಪಿದರೆ ದಂಡ, ಆರು ತಿಂಗಳವರೆಗೆ ಜೈಲು. 2019ರಲ್ಲಿ ಜೈಲಿನ ಮಾತು ತೆಗೆದು ಮಿತಿಯನ್ನು 14ಕ್ಕೆ ಏರಿಸಿತು. ಕೆನಡಾದ ಬ್ಯಾಥರ್ಸ್ಟ್ ಪಟ್ಟಣ 2017ರಲ್ಲಿ 14ರ ಮಿತಿಯನ್ನು 16 ಮಾಡಿತು.

ವಿಚಿತ್ರ ನೋಡಿ, ಯಾರನ್ನು ಒಲಿಸಿಕೊಳ್ಳಲು ಸಿಹಿ ಹಂಚಿದರೋ ಅವರನ್ನೇ ಹೊರಗಿಟ್ಟರು. ಏಳನೆಯ ತರಗತಿಯ ಹುಡುಗ ಎತ್ತರ ಬೆಳೆದಿರಬಹುದು, ಆದರೂ ಮಗುವೇ. ಕಿಡಿಗೇಡಿತನಕ್ಕೆ ಶಿಕ್ಷೆ ಇರಲಿ, ಬೆಳೆದದ್ದಕ್ಕೆ ಬೇಡ.