ವಾರಾನ್ನದಿಂದ ಸ್ವಯಂಪಾಕದವರೆಗೆ: ಬಡ ವಿದ್ಯಾರ್ಥಿಯ ಊಟದ ಚರಿತ್ರೆ

ವಿದ್ಯಾರ್ಜನೆಗಾಗಿ ಊರು ಬಿಟ್ಟ ಬಡ ಹುಡುಗನಿಗೆ ಪಾಠಕ್ಕಿಂತ ಮೊದಲು ಎದುರಾಗುವ ಪ್ರಶ್ನೆ ಊಟದ್ದು. ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ಶಾಲೆ, ಕಾಲೇಜುಗಳು ಸ್ಥಾಪನೆಯಾದ ವರ್ಷಗಳು ದೊರೆಯುತ್ತವೆ. ಅಲ್ಲಿ ಓದಿದವರು ಎಲ್ಲಿ, ಯಾರ ಕೈಯಿಂದ ಉಂಡರೆಂಬ ವಿವರ ಮಾತ್ರ ವಿರಳ. ನಾನು ಇತಿಹಾಸಕಾರನಲ್ಲ, ಡಿಪ್ಲೊಮಾ ಮುಗಿಸಿ, ರೈಲ್ವೆಯಲ್ಲಿ ಎಂಜಿನಿಯರನಾಗಿ ದುಡಿದು ನಿವೃತ್ತನಾದವನು. ಆದರೂ ನಮ್ಮ ಮನೆಯ ಎರಡು ತಲೆಮಾರುಗಳು ಕಂಡ ಈ ಸಣ್ಣ ಚರಿತ್ರೆಯನ್ನು ವಾಚಕರ ಮುಂದಿಡಬೇಕೆನಿಸಿತು.

ನಮ್ಮ ತಂದೆಯವರು 1940ರ ದಶಕದ ಆರಂಭದಲ್ಲಿ ಧಾರವಾಡದಲ್ಲಿ ಓದಿದ್ದು ವಾರಾನ್ನದಿಂದ. ವಾರದ ಏಳು ದಿನಗಳಿಗೆ ಏಳು ಮನೆಗಳು. ಸೋಮವಾರ ಒಬ್ಬರಲ್ಲಿ, ಮಂಗಳವಾರ ಮತ್ತೊಬ್ಬರಲ್ಲಿ. ಒಂದು ಮನೆಯವರು ಊರಿಗೆ ಹೋದರೆ ಅಥವಾ ಅವರಿಗೆ ಸೂತಕ ಬಂದರೆ ಆ ದಿನ ನೆನೆಸಿದ ಅವಲಕ್ಕಿಯೇ ಗತಿ. ಪುಣೆಯಲ್ಲಿ ಇದರ ಜೊತೆಗೆ ಮಧುಕರಿಯ ಪದ್ಧತಿಯೂ ಇತ್ತು. ಜೇನುಹುಳುವು ಹೂವಿನಿಂದ ಹೂವಿಗೆ ಹೋಗಿ ಮಧುವನ್ನು ಸಂಗ್ರಹಿಸುವಂತೆ, ವಿದ್ಯಾರ್ಥಿಯು ಮನೆಯಿಂದ ಮನೆಗೆ ಹೋಗಿ ಬೇಯಿಸಿದ ಅನ್ನವನ್ನು ಬೇಡಿ ತರುತ್ತಿದ್ದನು. 1909ರಲ್ಲಿ ಅಲ್ಲಿ ಸ್ಥಾಪನೆಯಾದ ಅನಾಥ ವಿದ್ಯಾರ್ಥಿ ಗೃಹವು ಇಂತಹ ನಿರ್ಗತಿಕ ಹುಡುಗರಿಗೆ ಆಶ್ರಯವಾಯಿತು.

ಈ ಪದ್ಧತಿಯನ್ನು ಕೊಂಡಾಡುವಾಗ ಒಂದು ಸತ್ಯವನ್ನು ಮರೆಯಲಾಗದು. ವಾರದ ಮನೆಯ ಬಾಗಿಲು ತೆರೆಯುತ್ತಿದ್ದುದು ಬಹುಮಟ್ಟಿಗೆ ನಮ್ಮವರ ಮಕ್ಕಳಿಗೆ ಮಾತ್ರ. ಉಳಿದವರಿಗೆ ಊರಿನಲ್ಲಿ ಪಂಕ್ತಿಯೇ ಇರಲಿಲ್ಲ. ಆದುದರಿಂದಲೇ ಕೊಲ್ಹಾಪುರದ ಶಾಹೂ ಮಹಾರಾಜರು 1901ರಿಂದ ವಿವಿಧ ಸಮುದಾಯಗಳ ವಿದ್ಯಾರ್ಥಿನಿಲಯಗಳಿಗೆ ಪ್ರೋತ್ಸಾಹವಿತ್ತರು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಸ್ವಾಮಿಗಳು ಉಚಿತ ಪ್ರಸಾದನಿಲಯವನ್ನು ನಡೆಸಿದರು. ಡಾ. ಅಂಬೇಡ್ಕರ್ ಅವರು 1924ರಲ್ಲಿ ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣೀ ಸಭೆಯು ಮರುವರ್ಷವೇ ಸೋಲಾಪುರದಲ್ಲಿ ವಿದ್ಯಾರ್ಥಿನಿಲಯವನ್ನು ತೆರೆಯಿತು. ಅನ್ನವಿಲ್ಲದೆ ಅಕ್ಷರವಿಲ್ಲವೆಂಬುದನ್ನು ಇವರೆಲ್ಲರೂ ಅರಿತಿದ್ದರು.

ಪರರ ಪಂಕ್ತಿಯೂ ಇಲ್ಲದ, ನಿಲಯವೂ ದೊರೆಯದ ವಿದ್ಯಾರ್ಥಿಗೆ ಉಳಿದ ದಾರಿ ಸ್ವಯಂಪಾಕ. ಇದಕ್ಕೆ ಪ್ರಸಿದ್ಧ ನಿದರ್ಶನ ಮಹಾತ್ಮಾ ಗಾಂಧಿಯವರದು. 1888ರಿಂದ 1891ರವರೆಗೆ ಲಂಡನ್ನಿನಲ್ಲಿ ಬ್ಯಾರಿಸ್ಟರ್ ವ್ಯಾಸಂಗ ಮಾಡುತ್ತಿದ್ದಾಗ, ಅಣ್ಣನ ಹಣ ಕರಗುವುದನ್ನು ಕಂಡು ಅವರು ಎರಡು ಕೋಣೆಗಳನ್ನು ಬಿಟ್ಟು ಒಂದೇ ಕೋಣೆಗೆ ಬಂದರು. ಒಂದು ಒಲೆಯನ್ನು ಕೊಂಡರು. ಬೆಳಿಗ್ಗೆ ಓಟ್ಸ್ ಗಂಜಿ ಮತ್ತು ಕೋಕೋ, ರಾತ್ರಿ ರೊಟ್ಟಿ ಮತ್ತು ಕೋಕೋ. ಮಧ್ಯಾಹ್ನ ಮಾತ್ರ ಹೊರಗಿನ ಊಟ. ಬೆಳಗಿನ ಅಡಿಗೆಗೆ ಇಪ್ಪತ್ತು ನಿಮಿಷವೂ ಹಿಡಿಯುತ್ತಿರಲಿಲ್ಲ, ದಿನದ ಖರ್ಚು ಒಂದು ಶಿಲ್ಲಿಂಗ್ ಮೂರು ಪೆನ್ಸ್ ಎಂದು ಆತ್ಮಕಥೆಯಲ್ಲಿ ಲೆಕ್ಕ ಸಹಿತ ಬರೆದಿದ್ದಾರೆ.

ಆದರೆ ನಮ್ಮ ಊರುಗಳ ಬಾಡಿಗೆ ಕೋಣೆಯಲ್ಲಿ ಕಟ್ಟಿಗೆಯ ಒಲೆ ಹೂಡಲು ಯಾವ ಮನೆಯ ಯಜಮಾನನೂ ಒಪ್ಪುತ್ತಿರಲಿಲ್ಲ. ಈ ತೊಡಕನ್ನು ಬಿಡಿಸಿದ್ದು ಯಂತ್ರವಿದ್ಯೆ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬವರು ಪ್ರೈಮಸ್ ಸ್ಟೋವನ್ನು ರೂಪಿಸಿದರು. ಪಂಪು ಹೊಡೆದಾಗ ಒತ್ತಡದಿಂದ ಮೇಲೇರುವ ಸೀಮೆಎಣ್ಣೆಯು ಕಾದ ಕೊಳವೆಯಲ್ಲಿ ಆವಿಯಾಗಿ, ಗಾಳಿಯೊಡನೆ ಬೆರೆತು ಮಸಿಯಿಲ್ಲದ ನೀಲಿ ಜ್ವಾಲೆಯಾಗಿ ಉರಿಯುತ್ತದೆ. 1910ರಲ್ಲಿ ಬಂಗಾಳದ ಡಾ. ಇಂದುಮಾಧವ ಮಲ್ಲಿಕ್ ಅವರು ಇಕ್ಮಿಕ್ ಕುಕ್ಕರನ್ನು ನಿರ್ಮಿಸಿದರು. ಒಂದರ ಮೇಲೊಂದು ಡಬ್ಬಿಗಳಲ್ಲಿ ಅಕ್ಕಿ, ಬೇಳೆ, ತರಕಾರಿಗಳನ್ನಿಟ್ಟು, ಕೆಳಗೆ ಕೆಂಡವನ್ನಿರಿಸಿ ಹೋದರೆ, ಕಾಯುವವರಿಲ್ಲದೆಯೇ ಅಡಿಗೆ ಸಿದ್ಧ. 1959ರ ಸುಮಾರಿಗೆ ನಮ್ಮ ದೇಶದಲ್ಲೇ ಪ್ರೆಶರ್ ಕುಕ್ಕರುಗಳು ತಯಾರಾಗತೊಡಗಿದವು. 1970ರ ದಶಕದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ‘ನೂತನ್’ ಬತ್ತಿಯ ಸ್ಟೋವು ಎಣ್ಣೆ ಉಳಿಸುವುದಕ್ಕೆ ಹೆಸರಾಯಿತು.

1978ರಲ್ಲಿ ನಾನು ಡಿಪ್ಲೊಮಾ ಓದಲು ಹುಬ್ಬಳ್ಳಿಗೆ ಬಂದಾಗ ಅಂತಹ ಬತ್ತಿಯ ಸ್ಟೋವೇ ನಮ್ಮ ಅಗ್ನಿದೇವ. ಮೂವರು ಗೆಳೆಯರು, ಒಂದು ಕೋಣೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಗರಗಳಿಗೆ ಬಂದ ರೇಷನ್ ಪದ್ಧತಿ ಆಗಲೂ ಇತ್ತು; ಸೀಮೆಎಣ್ಣೆಯೂ ಕಾರ್ಡಿನ ಮೇಲೆಯೇ. ಪರಸ್ಥಳದ ವಿದ್ಯಾರ್ಥಿಗೆ ಕಾರ್ಡು ಎಲ್ಲಿಂದ ಬರಬೇಕು? ಪರಿಚಯದವರ ಕಾರ್ಡು ಹಿಡಿದು ಸರದಿಯಲ್ಲಿ ನಿಂತು ತಂದ ಎಣ್ಣೆಯ ಒಂದೊಂದು ಹನಿಗೂ ಲೆಕ್ಕವಿತ್ತು.

ಆ ಕೊರತೆಯೇ ನಮಗೆ ಪಾಠವನ್ನು ಕಲಿಸಿತು. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ 100 ಡಿಗ್ರಿಯನ್ನು ದಾಟದು. ವ್ಯರ್ಥವಾಗುವುದು ಎಣ್ಣೆ ಮಾತ್ರ. ತರಗತಿಯಲ್ಲಿ ಕೇಳಿದ ಈ ನಿಯಮ ನನಗೆ ಅರ್ಥವಾದದ್ದು ಅನ್ನದ ಪಾತ್ರೆಯ ಮುಂದೆ. ಬೇಳೆಯನ್ನು ಮೊದಲೇ ನೆನೆಹಾಕುವುದು, ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಮುಚ್ಚುವುದು, ಅಕ್ಕಿ ಮುಕ್ಕಾಲು ಬೆಂದಾಗ ಇಳಿಸಿ ಹಳೆಯ ಕಂಬಳಿಯಲ್ಲಿ ಸುತ್ತಿಡುವುದು, ತೆರವಾದ ಸ್ಟೋವಿನ ಮೇಲೆ ಸಾರು ಕುದಿಸುವುದು ನಮ್ಮ ಕ್ರಮವಾಯಿತು. ತರಕಾರಿಯನ್ನು ಸಂತೆ ಮುಗಿಯುವ ಹೊತ್ತಿಗೆ ಕೊಳ್ಳುತ್ತಿದ್ದೆವು. ತಿಂಗಳ ಕೊನೆಗೆ ಹಣ ತೀರಿದಾಗ ಊರಿನಿಂದ ತಂದ ಮೆಂತ್ಯದ ಹಿಟ್ಟು, ಚಟ್ನಿಪುಡಿಗಳೇ ನಮ್ಮನ್ನು ಕಾಪಾಡಿದವು.

ಒಮ್ಮೆ ತಂದೆಯವರು ನನ್ನ ಕೋಣೆಗೆ ಬಂದರು. ಅವರಿಗೆ ಬಡಿಸುತ್ತಾ, “ನಾ ಯಾರ ಹಂಗಿನ್ಯಾಗೂ ಇಲ್ಲ ನೋಡ್ರಿ” ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಎರಡನೆಯ ಸಲ ಸಾರು ಹಾಕಿಸಿಕೊಂಡು, “ಛಲೋ ಆಗೇದಪಾ. ವಾರದ ಮನ್ಯಾಗ ಇನ್ನೊಮ್ಮೆ ಹಾಕ್ರಿ ಅಂತ ನಾ ಒಂದ ದಿನಾನೂ ಕೇಳಲಿಲ್ಲ” ಎಂದರು. ಅನ್ನವಿತ್ತ ಆ ಏಳು ಮನೆಗಳನ್ನು ಅವರು ಕೊನೆಯವರೆಗೂ ‘ಸೋಮವಾರದ ಮನಿ’, ‘ಮಂಗಳವಾರದ ಮನಿ’ ಎಂದೇ ಕರೆದು ಕೃತಜ್ಞತೆಯಿಂದ ನೆನೆಯುತ್ತಿದ್ದರು. ಆದರೆ ಆ ಪಂಕ್ತಿಯಲ್ಲಿ ಅರೆಹೊಟ್ಟೆಯಿಂದ ಎದ್ದ ಹುಡುಗನ ಸಂಕೋಚವನ್ನು ನಾನು ಅರಿತದ್ದು ಅಂದೇ. ನನ್ನ ಹೆಮ್ಮೆ ಇಳಿಯಿತು. ನನಗೆ ಕಾರ್ಡು ಕೊಟ್ಟವರೂ ಚಟ್ನಿಪುಡಿ ಕುಟ್ಟಿದ ತಾಯಿಯೂ ಅನ್ನದಾತರೇ ಎಂಬುದು ಆಗ ಹೊಳೆಯಿತು.

ಬಡ ವಿದ್ಯಾರ್ಥಿಗೆ ಅನ್ನ ನೀಡಿದ್ದು ಸಮಾಜದ ಔದಾರ್ಯ. ಸಂಕೋಚವಿಲ್ಲದೆ ಉಣ್ಣುವ ಸ್ವಾತಂತ್ರ್ಯ ನೀಡಿದ್ದು ಒಂದು ಸಣ್ಣ ಸ್ಟೋವು. ಎರಡೂ ಸ್ಮರಣೀಯವೇ. ಇಂದು ಮುಂಬಯಿ, ಪುಣೆಗಳಿಗೆ ಓದಲು ಬರುವ ನಮ್ಮ ಮಕ್ಕಳಿಗೆ ಅನೇಕ ಬಾಡಿಗೆ ಕೋಣೆಗಳಲ್ಲಿ ಅಡಿಗೆ ಮಾಡಲು ಅನುಮತಿಯೇ ಇಲ್ಲ. ಹೊರಗಿನ ಊಟದ ಖರ್ಚು ಫೀಸಿನೊಡನೆ ಪೈಪೋಟಿ ನಡೆಸುತ್ತದೆ. ಅಂಥವರನ್ನು ಹಬ್ಬದ ದಿನ ಊಟಕ್ಕೆ ಕರೆಯುವುದು ಪುಣ್ಯಕಾರ್ಯ. ಅದರೊಂದಿಗೆ ಅವರಿಗೆ ಅನ್ನ, ಸಾರು ಮಾಡಲು ಕಲಿಸೋಣ, ನಮ್ಮ ಅಡಿಗೆಮನೆಯ ಒಂದು ಮೂಲೆಯನ್ನು ಬಿಟ್ಟುಕೊಡೋಣ. ಹುಡುಗನ ಕುಲಗೋತ್ರವನ್ನು ಕೇಳದಿರೋಣ. ಮತ್ತು ಬಡಿಸುವಾಗ, ಅವನು ಕೇಳುವ ಮೊದಲೇ ಎರಡನೆಯ ಸಲ ಬಡಿಸೋಣ.