ಸನ್‌ರೂಮ್

ಸನ್‌ರೂಮ್ ಅಥವಾ ಬಿಸಿಲುಕೋಣೆ ಎಂಬುದು ಮನೆಗೆ ಹೊಂದಿಕೊಂಡಿರುವ, ಹೊರಗೋಡೆಯ ಬಹುಭಾಗವು ಗಾಜಿನಿಂದ ಕೂಡಿರುವ ಕೋಣೆ. ಗಾಳಿ, ಮಳೆ ಮತ್ತು ಚಳಿಯಿಂದ ರಕ್ಷಣೆ ಪಡೆಯುತ್ತಲೇ ಬಿಸಿಲನ್ನೂ ಹೊರನೋಟವನ್ನೂ ಅನುಭವಿಸುವುದು ಇದರ ಉದ್ದೇಶ. ಯುರೋಪ್ ಮತ್ತು ಉತ್ತರ ಅಮೆರಿಕದ ಶೀತ ಹಾಗೂ ಸಮಶೀತೋಷ್ಣ ಪ್ರದೇಶಗಳಲ್ಲಿ ಇದರ ಬಳಕೆ ಹೆಚ್ಚು. ಬ್ರಿಟನ್ನಿನಲ್ಲಿ ಇದಕ್ಕೆ ಸಮೀಪದ ಕೋಣೆಯನ್ನು ಕನ್ಸರ್ವೇಟರಿ ಎಂದೂ, ಜರ್ಮನಿಯಲ್ಲಿ ಚಳಿಗಾಲದ ತೋಟ ಎಂಬ ಅರ್ಥದ ವಿಂಟರ್‌ಗಾರ್ಟನ್ ಎಂದೂ ಕರೆಯುತ್ತಾರೆ. ಬೆಳಕನ್ನು ತರುವ ಗಾಜೇ ಬೇಸಿಗೆಯಲ್ಲಿ ಅತಿಯಾದ ಸೆಕೆಗೂ ಚಳಿಗಾಲದ ರಾತ್ರಿಗಳಲ್ಲಿ ಶಾಖನಷ್ಟಕ್ಕೂ ಕಾರಣವಾಗುವುದರಿಂದ, ಇವೆರಡನ್ನೂ ನಿಯಂತ್ರಿಸುವುದೇ ಇದರ ವಿನ್ಯಾಸದ ಮುಖ್ಯ ಸಮಸ್ಯೆಯಾಗಿದೆ.

ಇತಿಹಾಸ

17 ಮತ್ತು 18ನೇ ಶತಮಾನಗಳಲ್ಲಿ ಯುರೋಪಿನ ಸಿರಿವಂತರು ಕಿತ್ತಳೆ, ನಿಂಬೆ ಗಿಡಗಳನ್ನು ಚಳಿಯಿಂದ ಕಾಪಾಡಲು ದೊಡ್ಡ ಕಿಟಕಿಗಳುಳ್ಳ ಆರೆಂಜರಿಗಳನ್ನು ಕಟ್ಟಿಸುತ್ತಿದ್ದರು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕವು 1845ರಲ್ಲಿಯೂ ಕಿಟಕಿ ತೆರಿಗೆಯು 1851ರಲ್ಲಿಯೂ ರದ್ದಾದ ಬಳಿಕ ಗಾಜಿನ ಕಟ್ಟಡಗಳು ಮಧ್ಯಮ ವರ್ಗದ ಮನೆಗಳಿಗೂ ಹರಡಿದವು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ವಿನ್ಯಾಸದ ಕ್ರಿಸ್ಟಲ್ ಪ್ಯಾಲೆಸ್ ನಿರ್ಮಾಣವಾಯಿತು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1889ರಲ್ಲಿ ಶಂಕುಸ್ಥಾಪನೆಗೊಂಡ ಗಾಜಿನ ಮನೆಗೆ ಅದೇ ಮಾದರಿ.

ಕಾರ್ಯವಿಧಾನ

ಗಾಜು ಸೂರ್ಯನ ಬೆಳಕನ್ನು ಒಳಗೆ ಬಿಡುತ್ತದೆ. ನೆಲ ಮತ್ತು ಗೋಡೆಗಳು ಅದನ್ನು ಹೀರಿ ಬಿಸಿಯಾಗಿ, ಶಾಖವನ್ನು ಅವಗೆಂಪು ಕಿರಣಗಳ ರೂಪದಲ್ಲಿ ಹೊರಸೂಸುತ್ತವೆ. ಈ ಕಿರಣಗಳು ಗಾಜನ್ನು ಸುಲಭವಾಗಿ ದಾಟಲಾರವು; ಬಿಸಿಯಾದ ಗಾಳಿಯೂ ಒಳಗೇ ಉಳಿಯುತ್ತದೆ. ಕಲ್ಲು, ಇಟ್ಟಿಗೆ ಅಥವಾ ಕಾಂಕ್ರೀಟಿನ ನೆಲವು ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ನಿಧಾನವಾಗಿ ಬಿಡುತ್ತದೆ. ಎರಡು ಪದರದ ಗಾಜು ಶಾಖನಷ್ಟವನ್ನು ತಗ್ಗಿಸುತ್ತದೆ.

ದಿಕ್ಕು

ಉತ್ತರಾರ್ಧಗೋಳದ ಶೀತಪ್ರದೇಶಗಳಲ್ಲಿ ದಕ್ಷಿಣಾಭಿಮುಖ ಕೋಣೆ ಅನುಕೂಲಕರ. ಲಂಡನ್ನಿನಲ್ಲಿ ಡಿಸೆಂಬರ್ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿ ಮಾತ್ರ ಮೇಲಿದ್ದು, ಕಿರಣಗಳು ಕೋಣೆಯ ಒಳಭಾಗದವರೆಗೂ ತಲುಪುತ್ತವೆ. ಜೂನ್‌ನಲ್ಲಿ ಈ ಎತ್ತರ ಸುಮಾರು 62 ಡಿಗ್ರಿಗೆ ಏರುವುದರಿಂದ, ಮುಂಚಾಚಿದ ಸಜ್ಜಾ ಬಿಸಿಲನ್ನು ತಡೆಯಬಲ್ಲದು. ಪಶ್ಚಿಮದ ಬಿಸಿಲು ತಗ್ಗಿನಲ್ಲಿ ಬೀಳುವುದರಿಂದ ಅದನ್ನು ಸಜ್ಜಾ ತಡೆಯಲಾರದು. ಅಲ್ಲಿ ಹೊರಗಿನ ಪರದೆ ಅಥವಾ ಮರದ ನೆರಳು ಬೇಕಾಗುತ್ತದೆ.

ಚಿಕ್ಕ ಮನೆಗಳಲ್ಲಿ ವಿನ್ಯಾಸ

ಸ್ಥಳ ಕಡಿಮೆಯಿರುವಲ್ಲಿ ಹೊಸ ಕೋಣೆಯ ಬದಲು ಬಾಲ್ಕನಿ ಅಥವಾ ವರಾಂಡಾಕ್ಕೇ ಗಾಜು ಅಳವಡಿಸುವುದುಂಟು. ಇದರಿಂದ ಹಿಂದಿನ ಕೋಣೆಯ ಬೆಳಕು ಮತ್ತು ಗಾಳಿ ಕುಗ್ಗುವ ಅಪಾಯವಿದೆ. ಆದ್ದರಿಂದ ಕೋಣೆಯ ಆಳವನ್ನು ಕಡಿಮೆಯಿರಿಸಿ, ನಡುವೆ ಗಾಜಿನ ಬಾಗಿಲನ್ನು ಇರಿಸಲಾಗುತ್ತದೆ. ಈ ಬಾಗಿಲನ್ನು ತೆಗೆದುಹಾಕಿದರೆ ಸ್ಥಳ ವಿಶಾಲವಾಗಿ ಕಂಡರೂ, ಗಾಜುಕೋಣೆಯ ಸೆಕೆ ಮತ್ತು ಚಳಿ ಇಡೀ ಮನೆಗೆ ಹಬ್ಬುತ್ತವೆ.

ಕೆಳಗೊಂದು, ಮೇಲೊಂದು ಕಿಟಕಿ ತೆರೆಯುವಂತಿದ್ದರೆ ಬಿಸಿಗಾಳಿ ಮೇಲಿನಿಂದ ಹೊರಹೋಗಿ ತಂಪುಗಾಳಿ ಕೆಳಗಿನಿಂದ ಒಳಬರುತ್ತದೆ. ಕಿಟಕಿಯ ಕೆಳಗೆ ಸಾಮಾನು ಇಡಬಹುದಾದ ಕಟ್ಟೆ ಅಥವಾ ಬೆಂಚು, ತಿಳಿಬಣ್ಣದ ಗೋಡೆಗಳು ಮತ್ತು ಮಡಚಬಹುದಾದ ಮೇಜು ಸ್ಥಳವನ್ನು ಉಳಿಸುತ್ತವೆ. ಗಿಡಗಳನ್ನು ಗಾಜಿಗೆ ಅಡ್ಡವಾಗಿರಿಸದೆ ಪಕ್ಕದ ಗೋಡೆಗೆ ಜೋಡಿಸಿದರೆ ಬೆಳಕು ಒಳಕ್ಕೆ ಹರಿಯುತ್ತದೆ. ದಪ್ಪ ಪರದೆ ಮತ್ತು ಜಮಖಾನೆಗಳು ರಾತ್ರಿ ಬೆಚ್ಚಗಿರಲು ನೆರವಾಗುತ್ತವೆ. ಆದರೆ ನೆಲವನ್ನು ಪೂರ್ತಿಯಾಗಿ ಮುಚ್ಚಿದರೆ ಅದರ ಶಾಖಸಂಗ್ರಹ ಕುಗ್ಗುತ್ತದೆ. ಬಾಲ್ಕನಿಯು ಗಾಜಿನ ಭಾರವನ್ನು ತಾಳಬಲ್ಲದೇ ಎಂಬುದನ್ನು ಎಂಜಿನಿಯರರಿಂದ ಪರೀಕ್ಷಿಸಿ, ಅಗತ್ಯವಿರುವಲ್ಲಿ ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯಬೇಕು.

ಲತಾಪಿ ಮನೆ

ಕಡಿಮೆ ವೆಚ್ಚದ ಮನೆಗಳಲ್ಲಿ ಈ ಪರಿಕಲ್ಪನೆಯ ಪ್ರಸಿದ್ಧ ಉದಾಹರಣೆಯೆಂದರೆ ಫ್ರಾನ್ಸಿನ ಬೋರ್ಡೋ ಬಳಿಯ ಫ್ಲ್ವಾರಾಕ್‌ನಲ್ಲಿ 1993ರಲ್ಲಿ ಪೂರ್ಣಗೊಂಡ ಲತಾಪಿ ಮನೆ. ವಾಸ್ತುಶಿಲ್ಪಿಗಳಾದ ಆನ್ ಲಕಾಟನ್ ಮತ್ತು ಜಾನ್-ಫಿಲಿಪ್ ವಾಸಲ್ ಇದರ ಹಿಂಬದಿಗೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆಗಳ ಚಳಿಗಾಲದ ತೋಟವನ್ನು ಸೇರಿಸಿದರು. ಕೃಷಿಯ ಹಸಿರುಮನೆಗಳಲ್ಲಿ ಬಳಸುವ ಅಗ್ಗದ ಸಾಮಗ್ರಿಯಿಂದ ಕುಟುಂಬಕ್ಕೆ ಹೆಚ್ಚುವರಿ ವಾಸಸ್ಥಳ ದೊರೆಯಿತು. ಮುಂದೆ ಇವರು ಇತರ ವಾಸ್ತುಶಿಲ್ಪಿಗಳೊಂದಿಗೆ ಸೇರಿ ಬೋರ್ಡೋ ನಗರದ 530 ಹಳೆಯ ಫ್ಲ್ಯಾಟುಗಳಿಗೆ ಇಂಥ ಕೋಣೆಗಳನ್ನು ಜೋಡಿಸಿದರು. ಕಟ್ಟಡಗಳನ್ನು ಕೆಡವಲಿಲ್ಲ, ನಿವಾಸಿಗಳನ್ನು ಸ್ಥಳಾಂತರಿಸಲೂ ಇಲ್ಲ. 2021ರಲ್ಲಿ ಈ ಇಬ್ಬರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ದೊರೆಯಿತು.

ಉಷ್ಣ ಪ್ರದೇಶಗಳಲ್ಲಿ

ಉಷ್ಣವಲಯದಲ್ಲಿ ಶೀತದೇಶದ ಮಾದರಿಯನ್ನು ಹಾಗೆಯೇ ಅನುಸರಿಸುವುದು ಸೂಕ್ತವಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರುತ್ತದೆ. ಆಗ ಗಾಜಿನ ಚಾವಣಿಯು ಕೋಣೆಯನ್ನು ತೀವ್ರವಾಗಿ ಕಾಯಿಸುತ್ತದೆ. ಇಲ್ಲಿ ಗಟ್ಟಿ ಚಾವಣಿ, ಅಗಲವಾದ ಸಜ್ಜಾ ಮತ್ತು ಪೂರ್ತಿ ತೆರೆಯಬಲ್ಲ ಕಿಟಕಿಗಳು ಹೆಚ್ಚು ಉಪಯುಕ್ತ. ಕರ್ನಾಟಕದ ಸಾಂಪ್ರದಾಯಿಕ ತೊಟ್ಟಿಮನೆಗಳಲ್ಲಿ ನಡುವಿನ ತೆರೆದ ಅಂಗಳವು ಗಾಜಿನ ನೆರವಿಲ್ಲದೆಯೇ ಬೆಳಕನ್ನು ತಂದು, ಬಿಸಿಗಾಳಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತದೆ.

ಮಿತಿಗಳು

ಸಾಮಾನ್ಯ ಗಾಜು ಸೂರ್ಯನ ಯುವಿ-ಬಿ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ, ಮುಚ್ಚಿದ ಕಿಟಕಿಯ ಹಿಂದೆ ಬಿಸಿಲು ಕಾಯಿಸಿಕೊಂಡರೆ ಚರ್ಮದಲ್ಲಿ ಡಿ ಜೀವಸತ್ವ ಉತ್ಪತ್ತಿಯಾಗದು. ಯುವಿ-ಎ ಕಿರಣಗಳು ಭಾಗಶಃ ಒಳಬರುವುದರಿಂದ ಬಟ್ಟೆ, ಪುಸ್ತಕ ಮತ್ತು ಪೀಠೋಪಕರಣಗಳ ಬಣ್ಣ ಮಾಸುತ್ತದೆ.